ಕುದುರೆಮುಖ ಹತ್ತುವವರೇ, ಜಲಪಾತ ವಾಪಸ್ ಬರುವಾಗ ನೋಡಿ

ಕುದುರೆಮುಖಕ್ಕೆ ನಾವು ಎರಡು ಸಲ ಹೋಗಿದ್ದೇವೆ, ತುದಿ ಮುಟ್ಟಿದ್ದು ಒಂದೇ ಸಲ. ಮೊದಲ ಸಲ ಕಾಲು ಸೋತದ್ದಲ್ಲ, ಮಳೆಯೂ ಅಡ್ಡ ಬಂದದ್ದಲ್ಲ. ದಾರಿಯಲ್ಲಿ ಸಿಕ್ಕ ನೀರಿಗೆಲ್ಲ ಕಾಲು ಇಳಿಬಿಟ್ಟು ಕೂತದ್ದೇ ಎಡವಟ್ಟಾಯಿತು. ಮಧ್ಯಾಹ್ನ ಗೈಡ್ ವಾಚ್ ನೋಡಿ "ಇನ್ನು ಮೇಲೆ ಬೇಡ, ತಿರುಗುವ" ಎಂದರು. ಶಿಖರ ಕಣ್ಣೆದುರೇ ಇತ್ತು. ಬಾವ ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಈ ಸಲ ಲೆಕ್ಕ ಹಾಕಿಕೊಂಡು ಹೋದೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಂಗಳೂರಿನವರಿಗೆ ಒಂದು ಧೈರ್ಯ ಉಂಟು: "ಹತ್ತಿರ ಅಲ್ವಾ, ಬೆಳಿಗ್ಗೆ ಬೇಗ ಎದ್ದು ಹೊರಟರಾಯಿತು." ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳ ದಾಟಿ ಕುದುರೆಮುಖ ಪೇಟೆಗೆ ನೂರು ಕಿಲೋಮೀಟರ್ ಆಸುಪಾಸು. ಆದರೆ ನಡಿಗೆ ಶುರುವಾಗುವುದು ಪೇಟೆಯಿಂದ ಅಲ್ಲ. ಇನ್ನೂ ಮುಂದೆ, ಕಳಸದ ದಾರಿಯಲ್ಲಿ ಸಂಸೆಯವರೆಗೆ ಹೋಗಬೇಕು. ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ಆ ಜೀಪ್ ರಸ್ತೆಯನ್ನು ರಸ್ತೆ ಎನ್ನುವುದೇ ಕಷ್ಟ. ನಮ್ಮ ಕಾರು ತೆಗೆದುಕೊಂಡು ಹೋಗುವ ಸಾಹಸ ಮಾತ್ರ ಬೇಡ ಮಾರಾಯ್ರೆ. ಜೀಪಿಗೆ ಬಾಡಿಗೆ ಕೊಡುವುದು ಇಡೀ ಗಾಡಿಗೆ. ಐದಾರು ಜನ ಸೇರಿದರೆ ತಲೆಗೆ ಕಡಿಮೆ ಬೀಳುತ್ತದೆ.

ಹಾಗಾಗಿ ಹಿಂದಿನ ದಿನವೇ ಹೋಗಿ ಸಂಸೆಯಲ್ಲೋ ಕಳಸದಲ್ಲೋ ಉಳಿದುಕೊಳ್ಳಿ. ಹೋಂಸ್ಟೇಗಳು ಬೇಕಾದಷ್ಟಿವೆ. ಮಂಗಳೂರಿನಿಂದ ಕಳಸಕ್ಕೆ ಬಸ್ಸೂ ಉಂಟು. ಉಡುಪಿಯವರು ಕಾರ್ಕಳಕ್ಕೆ ಬಂದು ಅಲ್ಲಿ ಬಸ್ ಹಿಡಿಯಬಹುದು. ಸ್ವಂತ ಗಾಡಿಯಾದರೆ ಕಾರ್ಕಳದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಘಾಟಿಯನ್ನು ಹಗಲಿನಲ್ಲೇ ಹತ್ತಿ ಮುಗಿಸಿ, ಕಾಡಿನ ನಡುವಿನ ರಸ್ತೆ ಅದು. ಗೇಟಿನಲ್ಲಿ ಗಾಡಿ ನಂಬರ್, ಸಮಯ ಬರೆದು ಚೀಟಿ ಕೊಡುತ್ತಾರೆ. ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಫೋಟೋ ತೆಗೆಯುವ ಹಾಗಿಲ್ಲ. ಕಡಾಂಬಿ ಜಲಪಾತ ರಸ್ತೆ ಬದಿಯಲ್ಲೇ ಧುಮುಕುತ್ತದೆ, ನಿಧಾನಕ್ಕೆ ಹೋಗುತ್ತಾ ಕಿಟಕಿಯಿಂದಲೇ ನೋಡಿ. ಮಧ್ಯೆ ಎಸ್.ಕೆ. ಬಾರ್ಡರ್ ಎಂಬ ಜಾಗ ಸಿಗುತ್ತದೆ. ಸೌತ್ ಕೆನರಾ ಜಿಲ್ಲೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಗಟ್ಟಿಯಾಗಿ ಕೂತಿದೆ.

ಬುಕಿಂಗ್ ವಿಷಯ. ಇದು ರಾಷ್ಟ್ರೀಯ ಉದ್ಯಾನ, 1987ರಿಂದ. ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಎಂಬ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಬೇಕು. ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ರಜೆ ಸಿಗುವುದಾದರೆ ವಾರದ ನಡುವೆ ಹೋಗಿ, ಕಾಡು ಕಾಡಿನ ಹಾಗೆ ಇರುತ್ತದೆ. ಟಿಕೆಟನ್ನು ಪ್ರಿಂಟ್ ತೆಗೆದುಕೊಳ್ಳಿ, ಗುರುತಿನ ಚೀಟಿಯೂ ಇರಲಿ. ಮೇಲೆ ಹೋದಮೇಲೆ ಫೋನಿನಲ್ಲಿ ತೋರಿಸುತ್ತೇನೆ ಎಂದರೆ ನೆಟ್‌ವರ್ಕ್ ಕೈಕೊಡುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣ ನಿಲ್ಲಿಸುವುದುಂಟು, ವಿಚಾರಿಸದೆ ಹೊರಡಬೇಡಿ.

ಯಾವಾಗ ಹೋಗಬೇಕು? ಜುಲೈಯಲ್ಲಿ ನೀರು ಜಾಸ್ತಿ, ಆದರೆ ಮಂಜಿನಲ್ಲಿ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಜನವರಿಯಲ್ಲಿ ದೂರದವರೆಗೆ ಸ್ಪಷ್ಟ, ಆದರೆ ಹುಲ್ಲು ಒಣಗಿ ಹಳ್ಳ ಸೊರಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ ಹೋದರೆ ಎರಡೂ ಸಿಗುತ್ತದೆ ಎಂದು ನನ್ನ ಅಭಿಪ್ರಾಯ.

ಈಗ ನಡಿಗೆಯ ದಿನ. ಮುಳ್ಳೋಡಿಯಿಂದ ತುದಿಗೆ ಒಂಬತ್ತು ಹತ್ತು ಕಿಲೋಮೀಟರ್. ಹೋಗಿ ಬರಲು ಅದರ ಎರಡರಷ್ಟು. ಹತ್ತಲು ನಾಲ್ಕೂವರೆ ಗಂಟೆ, ಇಳಿಯಲು ಮೂರೂವರೆ ಗಂಟೆ, ಊಟಕ್ಕೂ ಏದುಸಿರು ಬಿಡಲಿಕ್ಕೂ ಒಂದೂವರೆ ಗಂಟೆ ಹಿಡಿಯಿರಿ. ಅಲ್ಲಿಗೆ ಒಂಬತ್ತೂವರೆ. ಕತ್ತಲಾಗುವ ಮೊದಲೇ ಕೆಳಗಿರಬೇಕು, ಮೇಲೆ ಟೆಂಟ್ ಹಾಕಿ ಉಳಿಯುವುದಕ್ಕೆ ಬಿಡುವುದಿಲ್ಲ. ಅಂದರೆ ಬೆಳಿಗ್ಗೆ ಏಳರೊಳಗೆ ನಡಿಗೆ ಶುರುವಾಗಬೇಕು. ಒಂದು ಗಂಟೆಗೆ ಎಲ್ಲಿದ್ದರೂ ಹಿಂದೆ ತಿರುಗಬೇಕು. ಈ ಒಂದು ಗಂಟೆಯ ಮಾತನ್ನು ಹೊರಡುವ ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ತುದಿ ಕಾಣುವಾಗ ಒಪ್ಪಿಸುವುದು ಕಷ್ಟ.

ಸೋಮಾವತಿ ಜಲಪಾತ ಮುಳ್ಳೋಡಿಯ ಹತ್ತಿರವೇ ಇದೆ. ಬೆಳಿಗ್ಗೆ ಅದರ ಸದ್ದು ಕೇಳಿದರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ನಾವು ಮೊದಲ ಸಲ ಮುಕ್ಕಾಲು ಗಂಟೆ ಕಳೆದದ್ದು ಅಲ್ಲೇ. ಮುಂದೆ ಹಳ್ಳಗಳು ಒಂದರ ಹಿಂದೆ ಒಂದು ಬರುತ್ತವೆ, ಪ್ರತಿಯೊಂದರಲ್ಲೂ ಹತ್ತು ನಿಮಿಷ ಎಂದರೂ ಮಧ್ಯಾಹ್ನವಾಯಿತು. ಈ ಸಲ ಹಳ್ಳದಲ್ಲಿ ಬಾಟಲಿ ತುಂಬಿಸಿ ಮುಖ ತೊಳೆದು ಎದ್ದುಬಿಟ್ಟೆವು. ಜಲಪಾತವನ್ನು ಸಂಜೆಗೆ ಉಳಿಸಿಕೊಂಡೆವು. ಹದಿನೆಂಟು ಕಿಲೋಮೀಟರ್ ನಡೆದ ಪಾದಕ್ಕೆ ಆ ತಣ್ಣನೆ ನೀರು ತಾಗುವಾಗ ಆಗುವ ಹಿತ ಬೆಳಿಗ್ಗೆ ಹೋದವರಿಗೆ ಸಿಗುವುದಿಲ್ಲ. ಪಾದ ಅಷ್ಟೇ, ಮತ್ತೆ. ಪಾಚಿ ಕಟ್ಟಿದ ಬಂಡೆ ಹತ್ತುವುದು, ಗುಂಡಿಗೆ ಇಳಿಯುವುದು ಬೇಡ. ಮೇಲೆ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ.

ದಾರಿ ಒಂದೇ ತರ ಇಲ್ಲ. ಒಂದಷ್ಟು ದೂರ ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡು, ಕತ್ತಲು, ತಂಪು. ಹೊರಗೆ ಬಂದರೆ ಬರೀ ಹುಲ್ಲು, ನೆತ್ತಿ ಸುಡುವ ಬಿಸಿಲು. ಒಂಟಿಮರ ಎನ್ನುವ ಜಾಗ ಸಿಕ್ಕಿದರೆ ಸಮಯ ನೋಡಿಕೊಳ್ಳಿ, ಅಲ್ಲಿಂದ ಮೇಲೆ ಏರು ಹೆಚ್ಚು, ನೆರಳು ಕಡಿಮೆ. ಟೊಪ್ಪಿ ಮರೆತ ನನ್ನ ತಂಗಿ ಬೈರಾಸು ಸುತ್ತಿಕೊಂಡು ಹತ್ತಿದಳು. ತುದಿ ಸುಮಾರು 1,890 ಮೀಟರ್. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕಡಿದು ಹಾಕಿದ ಹಾಗೆ ಕೆಳಗಿಳಿಯುತ್ತದೆ, ಅಂಚಿಗೆ ಹೋಗಬೇಡಿ. ಆ ಕಡೆ ನಮ್ಮ ಊರು. ಮೋಡ ಸರಿದ ಐದು ನಿಮಿಷದಲ್ಲಿ ಬಾವ "ಅಲ್ಲಿ ಪಣಂಬೂರು" ಎಂದು ಬೆರಳು ತೋರಿಸಿದ. ನನಗಂತೂ ಬಿಳಿ ಮಬ್ಬು ಬಿಟ್ಟು ಏನೂ ಕಾಣಲಿಲ್ಲ. ಆದರೆ ಇಲ್ಲಿಯ ಕಬ್ಬಿಣದ ಅದಿರು ಒಂದು ಕಾಲದಲ್ಲಿ ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ನೀರಿನ ಜೊತೆ ಹರಿದು ಮಂಗಳೂರು ಬಂದರಿನ ಆ ಪಣಂಬೂರಿಗೆ ಬರುತ್ತಿತ್ತು. ಗಣಿ 2005ರ ಕೊನೆಗೆ ನಿಂತಿತು.

ಇಂಬಳದ (ಜಿಗಣೆಯ) ಬಗ್ಗೆ ಎಲ್ಲರೂ ಕೇಳುತ್ತಾರೆ. ಅಕ್ಟೋಬರಿನಲ್ಲೂ ಇರುತ್ತದೆ, ಶೋಲಾದೊಳಗೆ ಜಾಸ್ತಿ. ಉದ್ದ ಕಾಲ್ಚೀಲದೊಳಗೆ ಪ್ಯಾಂಟ್ ಸಿಕ್ಕಿಸಿ, ಮೇಲಿಂದ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿಯೋ ಉಪ್ಪೋ ಹಚ್ಚಿಕೊಳ್ಳಿ. ಕಚ್ಚಿದರೆ ಹೆದರಬೇಡಿ, ಉಪ್ಪು ಹಾಕಿದರೆ ಬಿಡುತ್ತದೆ. ಒಳ್ಳೆಯ ಗ್ರಿಪ್ ಇರುವ ಶೂ ಬೇಕು. ಹೊಸ ಶೂ ಬೇಡ.

ಊಟಕ್ಕೆ ಹೋಂಸ್ಟೇಯವರು ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ನಾವು ಮನೆಯಿಂದ ಬೆಲ್ಲ, ನೆಲಗಡಲೆ, ಕಿತ್ತಳೆ ತಂದಿದ್ದೆವು. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಚೀಲ ತೆರೆದು ನೋಡುತ್ತಾರೆ. ಚಿಪ್ಸ್ ಪೊಟ್ಟಣಗಳನ್ನು ಸುಮ್ನೆ ಹೊತ್ತು ತರಬೇಡಿ.

ಮರುದಿನ ಇಳಿದು ಬರುವಾಗ ಹನುಮನಗುಂಡಿಗೆ ಹೋಗಿ ಎನ್ನುತ್ತಾರೆ. ಸೂತನಬ್ಬಿ ಎಂದೂ ಅದಕ್ಕೆ ಹೆಸರು. ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಇಳಿದು ನೋಡುವ ಜಲಪಾತ. ನಾವೂ ಗಾಡಿ ನಿಲ್ಲಿಸಿದೆವು. ಮೊದಲ ಮೆಟ್ಟಿಲಿಗೆ ತೊಡೆ ನಡುಗಿತು. ತಂಗಿಯೊಬ್ಬಳೇ ಇಳಿದು ನೋಡಿ ಬಂದಳು. ನಾವಿಬ್ಬರು ಮೇಲೆಯೇ ಕೂತು ಉಳಿದ ಕಿತ್ತಳೆ ಮುಗಿಸಿದೆವು.