ಡಬ್ಬಿ ವಾಪಸ್ ಕೊಡು

ನಮ್ಮ ಮನೆಯ ಸಿಂಕ್ ಕೆಳಗಿನ ಕಪಾಟು ತೆಗೆದರೆ ಡಬ್ಬಿಗಳು ಮೈಮೇಲೆ ಬೀಳುತ್ತವೆ. ಐಸ್‌ಕ್ರೀಮ್ ಡಬ್ಬಿ, ಎಣ್ಣೆ ಕ್ಯಾನು, ಹಾಲಿನ ಪುಡಿ ಟಿನ್ನು, ಜಾಮ್ ಬಾಟಲಿ. ಯಾವುದನ್ನೂ ಅಮ್ಮ ಬಿಸಾಡಲು ಬಿಡುವುದಿಲ್ಲ. "ಇರಲಿ ಬಿಡೇ, ಯಾವುದಕ್ಕಾದ್ರೂ ಆಗುತ್ತೆ" ಅನ್ನುತ್ತಾಳೆ. ಆ 'ಯಾವುದಕ್ಕಾದ್ರೂ' ಯಾವುದು ಅಂತ ಎಷ್ಟೋ ವರ್ಷ ನಮಗ್ಯಾರಿಗೂ ಗೊತ್ತಾಗಿರಲಿಲ್ಲ.

ಒಂದು ಶನಿವಾರ ಸಂಜೆ ಗೆಳತಿ ಬಂದು ಹಳೇ ಪೇಪರ್‌ನಲ್ಲಿ ಸುತ್ತಿದ ಐದು ಹೂವಿನ ಗೆಡ್ಡೆ ಕೈಗಿಟ್ಟಳು. ಅಮರಿಲ್ಲಿಸ್. ಅವಳ ಕುಂಡದಲ್ಲಿ ಮರಿ ಹಾಕಿ ಹಾಕಿ ಜಾಗ ಸಾಲದೆ ಕಿತ್ತು ಹಂಚುತ್ತಿದ್ದಳು. ಒಂದೊಂದೂ ಮುಷ್ಟಿಗಾತ್ರ. ಮೇಲೆ ಕಂದು ಸಿಪ್ಪೆ, ಕೆಳಗೆ ಒಣಗಿದ ಬೇರಿನ ಗೊಂಚಲು. ನಾನು ಅವಳನ್ನು ಗೇಟಿನ ತನಕ ಬಿಟ್ಟು ಬರುವಷ್ಟರಲ್ಲಿ ಅಮ್ಮ ಒಂದನ್ನು ಈರುಳ್ಳಿ ಬುಟ್ಟಿಗೆ ಹಾಕಿಯೂ ಆಗಿತ್ತು! ಅವಳ ತಪ್ಪೇನಿಲ್ಲ, ನೋಡೋಕೆ ಥೇಟ್ ಈರುಳ್ಳಿಯೇ. ಆದರೆ ಇದರಲ್ಲಿ ಲೈಕೋರಿನ್ ಅನ್ನುವ ವಿಷ ಇದೆ. ತಿಂದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ. ನಾಯಿ, ಬೆಕ್ಕಿಗೂ ಆಗಿಬರುವುದಿಲ್ಲ. ಗೆಡ್ಡೆಗಳನ್ನು ಅಡುಗೆಮನೆಯಿಂದಲೇ ಆಚೆ ಒಯ್ದೆ.

ಇದರ ಹೆಸರಿನಲ್ಲೂ ಒಂದು ಎಡವಟ್ಟಿದೆ. ನಾವೆಲ್ಲ ಅಮರಿಲ್ಲಿಸ್ ಅಂತ ಕರೆದು ಕುಂಡದಲ್ಲಿ ಬೆಳೆಸುವುದು ನಿಜಕ್ಕೂ ಹಿಪಿಯಾಸ್ಟ್ರಮ್. ಅದರ ತವರು ದಕ್ಷಿಣ ಅಮೆರಿಕ. ಅಸಲಿ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ್ದು, ಬೇರೆಯೇ ಗಿಡ. ಈಗ ಯಾರು ತಿದ್ದಲು ಹೋಗುತ್ತಾರೆ?

"ಮತ್ತೆ ಗೆಡ್ಡೆನಾ?" ಅಂದಳು ಅಮ್ಮ. ಹಿಂದೊಮ್ಮೆ ನಾನು ಟುಲಿಪ್ ಬೆಳೆಸಲು ಹೋಗಿದ್ದೆ. ಟುಲಿಪ್ ಗೆಡ್ಡೆಗೆ ಹೂಬಿಡುವ ಮೊದಲು ಹನ್ನೆರಡರಿಂದ ಹದಿನಾರು ವಾರ ಚಳಿ ಬೇಕು. ಹಾಗಾಗಿ ಫ್ರಿಜ್‌ನಲ್ಲಿಟ್ಟು, ತಿಂಗಳುಗಟ್ಟಲೆ ಕಾದು, ನೆಟ್ಟರೆ ಬರೀ ಎಲೆ. ಗೆಡ್ಡೆಯ ಪಕ್ಕದಲ್ಲೇ ಸೇಬು ಇಟ್ಟಿದ್ದೆ. ಹಣ್ಣಾಗುವ ಸೇಬು ಬಿಡುವ ಎಥಿಲಿನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತುಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಅಮರಿಲ್ಲಿಸ್‌ಗೆ ಆ ರಗಳೆ ಇಲ್ಲ, ಫ್ರಿಜ್ ಬೇಡ. ದೊಡ್ಡ ಕುಂಡವೂ ಬೇಡ. ಗೆಡ್ಡೆಯ ಸುತ್ತ ಎರಡು ಬೆರಳು ಜಾಗ ಸಾಕು. ಬಿಗಿಯಾಗಿದ್ದರೇ ಅದಕ್ಕೆ ಖುಷಿ.

ಎರಡು ಬೆರಳು ಅಂದಾಗಲೇ ನನಗೆ ಸಿಂಕ್ ಕೆಳಗಿನ ಕಪಾಟು ನೆನಪಾಗಿದ್ದು.

ಭಾನುವಾರ ಬೆಳಿಗ್ಗೆ ನೆಲಕ್ಕೆ ಪೇಪರ್ ಹಾಸಿಕೊಂಡು ಕುಳಿತೆ. ಆರಿಸಿಕೊಂಡಿದ್ದು ಐದು: ಐಸ್‌ಕ್ರೀಮ್ ಡಬ್ಬಿ, ಅರ್ಧಕ್ಕೆ ಕತ್ತರಿಸಿದ ಎಣ್ಣೆ ಕ್ಯಾನು, ಟಿನ್ನು, ಗಾಜಿನ ಬಾಟಲಿ, ಮತ್ತೆ ಹಿಡಿ ಮುರಿದ ಒಂದು ದೊಡ್ಡ ಪಿಂಗಾಣಿ ಮಗ್ಗು. ಕ್ಯಾನಿನ ಜಿಡ್ಡು ಹೋಗಲು ಬಿಸಿನೀರು, ಸೋಪು ಹಾಕಿ ಮೂರು ಸಲ ತೊಳೆದೆ. ತೊಳೆದ ಮೇಲೂ ಬೆರಳು ಜಾರುತ್ತಿತ್ತು. ನಾಲ್ಕನೇ ಸಲ ಪಾತ್ರೆ ಉಜ್ಜುವ ನಾರು ಹಾಕಿ ತಿಕ್ಕಿದ ಮೇಲೆ ಕಿರ್ ಅಂತ ಸದ್ದು ಬಂತು.

ಆಮೇಲೆ ತೂತಿನ ಕೆಲಸ. ಪ್ಲಾಸ್ಟಿಕ್‌ಗೆ ಸ್ಕ್ರೂಡ್ರೈವರ್ ಕಾಯಿಸಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಹೋಗುತ್ತದೆ. ಆದರೆ ಆ ಹೊಗೆ ಕುಡಿಯಬಾರದು. ಬಾಲ್ಕನಿಗೆ ಹೋಗಿ, ಮುಖ ಆಚೆ ತಿರುಗಿಸಿಕೊಂಡು ಒಂದೊಂದಕ್ಕೆ ಐದಾರು ತೂತು ಮಾಡಿದೆ. ಟಿನ್ನು ಮಾತ್ರ ಸತಾಯಿಸಿತು. ಬೋರಲು ಹಾಕಿ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ತೂತಾಗುವ ಬದಲು ತಳವೇ ನೆಗ್ಗಿತು. ಮಗಳು ಪಕ್ಕದಲ್ಲಿ ನಿಂತು, "ಅಮ್ಮಾ, ಅದರೊಳಗೆ ನೀರು ತುಂಬಿ ಫ್ರೀಜರಲ್ಲಿಡು. ಐಸ್ ಆದ್ಮೇಲೆ ಹೊಡಿ" ಅಂದಳು. ಶಾಲೆಯಲ್ಲಿ ಟಿನ್ನಿನ ದೀಪ ಮಾಡುವಾಗ ಹಾಗೇ ಮಾಡಿದ್ದರಂತೆ. ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟೆ. ಮರುದಿನ ಒಳಗಿನ ಐಸ್ ಆಸರೆ ಕೊಟ್ಟಿತು, ಮೊಳೆ ಸಲೀಸಾಗಿ ಇಳಿಯಿತು. ಇಷ್ಟು ಸುಲಭದ ಉಪಾಯ ನನಗ್ಯಾಕೆ ಹೊಳೆಯಲಿಲ್ಲವೋ.

ಮಗ್ಗಿಗೆ ತೂತು ಹಾಕಲಾಗಲಿಲ್ಲ. ಒಂದು ತಾನೆ, ಕೆಳಗೆ ನಾಲ್ಕು ಕಲ್ಲು ಹಾಕಿದರೆ ನೀರು ಅಲ್ಲಿಳಿಯುತ್ತೆ ಅಂದುಕೊಂಡೆ. ಎಲ್ಲರೂ ಹಾಗೇ ಹೇಳುತ್ತಾರೆ, ಅಲ್ವಾ?

ನೆಡುವುದು ಹತ್ತು ನಿಮಿಷದ ಕೆಲಸ. ನೀರು ನಿಲ್ಲದ ಸಡಿಲ ಮಣ್ಣು, ಬೇರು ಕೆಳಗೆ, ಕುತ್ತಿಗೆ ಮೇಲೆ. ಗೆಡ್ಡೆಯ ಮೇಲಿನ ಮೂರನೇ ಒಂದು ಭಾಗ ಮಣ್ಣಿನಿಂದ ಹೊರಗಿರಬೇಕು. ಪೂರ್ತಿ ಹೂಳಿದರೆ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುತ್ತದೆ. ಎಣ್ಣೆ ಕ್ಯಾನು ಪಾರದರ್ಶಕ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ ಅಂತ ಹಳೇ ಕಾಲುಚೀಲ ಕತ್ತರಿಸಿ ತೊಡಿಸಿದೆ. ಗಾಜಿನ ಬಾಟಲಿಗೆ ಮಣ್ಣೇ ಹಾಕಲಿಲ್ಲ. ಬೆಣಚುಕಲ್ಲು ತುಂಬಿ, ಮೇಲೆ ಗೆಡ್ಡೆ ಕೂರಿಸಿ, ಅದರ ತಳಕ್ಕಿಂತ ಕೊಂಚ ಕೆಳಗೆ ನಿಲ್ಲುವಷ್ಟು ನೀರು ಹಾಕಿದೆ. ನೀರು ಗೆಡ್ಡೆಯನ್ನು ಮುಟ್ಟಬಾರದು, ಬೇರು ತಾನಾಗಿಯೇ ಇಳಿದು ಹುಡುಕಿಕೊಳ್ಳಬೇಕು.

ಮಣ್ಣಿನಲ್ಲಿ ನೆಟ್ಟದ್ದಕ್ಕೆ ಒಂದು ಸಲ ಚೆನ್ನಾಗಿ ನೀರುಣಿಸಿ ಚಿಗುರು ಕಾಣುವ ತನಕ ಸುಮ್ಮನಿರಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದರೆ ಕೈ ಚೊಂಬಿನ ಕಡೆಗೇ ಹೋಗುತ್ತಿತ್ತು. ಒಂದು ವಾರ ಏನೂ ಕಾಣಲಿಲ್ಲ. ಎರಡನೇ ವಾರವೂ ಇಲ್ಲ. ಒಣಗಿ ಹೋಯಿತೇನೋ ಅಂತ ದಿನಾ ಒಂದೊಂದು ಗುಟುಕು. ಅಮ್ಮ ನೋಡಿ ನೋಡಿ ಕೇಳಿದಳು, "ಅದಕ್ಕೆ ನೀರು ಹಾಕ್ತಿದೀಯೋ, ಸ್ನಾನ ಮಾಡಿಸ್ತಿದೀಯೋ?"

ಮೂರನೇ ವಾರದ ಕೊನೆಗೆ ಟಿನ್ನಿನ ಗೆಡ್ಡೆಯ ಕುತ್ತಿಗೆಯಲ್ಲಿ ಹಸಿರು ತುದಿಯೊಂದು ಇಣುಕಿತು. ಅದೇ ದಿನ ಮಗ್ಗಿನಿಂದ ವಾಸನೆ. ಗೆಡ್ಡೆ ಒತ್ತಿದರೆ ಬೆರಳು ಒಳಗೇ ಹೋಯಿತು. ಬೇರುಗಳೆಲ್ಲ ಲೊಳಲೊಳ. ತಳದಲ್ಲಿ ಕಲ್ಲು ಹಾಕಿದರೆ ನೀರು ಬಸಿಯುತ್ತದೆ ಅನ್ನುವುದು ಸುಳ್ಳು. ತೂತಿಲ್ಲದ ಮೇಲೆ ನೀರು ಹೋಗುವುದಾದರೂ ಎಲ್ಲಿಗೆ? ಕಲ್ಲಿನಷ್ಟು ಎತ್ತರ ಕೆಸರು ಮೇಲೆ ಬಂದು ಬೇರಿಗೆ ಇನ್ನೂ ಹತ್ತಿರವಾಗಿತ್ತು, ಅಷ್ಟೇ.

ಬಿಸಾಡುವ ಮೊದಲು ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದೆ. ಕೈಗೆ ಗ್ಲೌಸ್ ಹಾಕಿಕೊಂಡೇ, ಹಾಳಾದ ಚಾಕುವಿನಿಂದ. ಕೆಳಗಿನ ಅರ್ಧ ಕಂದು ಲೋಳೆ. ಮೇಲಿನ ಪದರಗಳು ಇನ್ನೂ ಬೆಳ್ಳಗೆ, ಗಟ್ಟಿಯಾಗಿದ್ದವು. ಆ ಪದರಗಳ ನಡುವೆ, ಉಗುರಿನಷ್ಟೇ ಉದ್ದದ ಒಂದು ಚಪ್ಪಟೆ ಪೊಟ್ಟಣ. ಸೂಜಿಯಿಂದ ಬಿಡಿಸಿದರೆ ಒಳಗೆ ಮಾಸಲು ಹಸಿರಿನ ಪುಟ್ಟ ಪುಟ್ಟ ಮೊಗ್ಗುಗಳು, ಒಂದಕ್ಕೊಂದು ಒತ್ತಿಕೊಂಡು. ಮಗಳು ಎಣಿಸಿದಳು, ನಾಲ್ಕು. ಅಮರಿಲ್ಲಿಸ್ ಗೆಡ್ಡೆಯೊಳಗೆ ನಾಲ್ಕು ಎಲೆಗೊಂದು ಹೂಗೊಂಚಲು, ಮತ್ತೆ ನಾಲ್ಕು ಎಲೆ, ಮತ್ತೊಂದು ಗೊಂಚಲು ಹೀಗೆ ಮೊದಲೇ ತಯಾರಾಗಿ ಕೂತಿರುತ್ತದೆ. ಊಟವೂ ಆ ದಪ್ಪ ಪದರಗಳಲ್ಲೇ ಇರುತ್ತದೆ. ಅಂದರೆ ನಾನು ದಿನಾ ಚೊಂಬು ಹಿಡಿದು ನಿಂತಿದ್ದು ಮದುವೆ ಊಟ ಮುಗಿಸಿ ಕೈತೊಳೆದವರಿಗೆ ಬಡಿಸಲು ಹೋದ ಹಾಗೆ. ಮಗಳು ಆ ಮೊಗ್ಗಿನ ಪೊಟ್ಟಣವನ್ನು ಬಿಸಾಡಲು ಬಿಡಲಿಲ್ಲ. ಪುಸ್ತಕದ ನಡುವೆ ಇಟ್ಟುಕೊಂಡಳು. ಹಾಳೆ ಕಲೆಯಾಯಿತು.

ಚೊಂಬು ಅಡುಗೆಮನೆಗೆ ವಾಪಸಾಯಿತು. ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಉಳಿದ ನಾಲ್ಕೂ ಎದ್ದವು. ಮಜಾ ಕೊಟ್ಟಿದ್ದು ಗಾಜಿನ ಬಾಟಲಿ. ದಪ್ಪ ಬಿಳಿ ಬೇರುಗಳು ಕಲ್ಲಿನ ಸಂದಿಯಲ್ಲಿ ದಾರಿ ಹುಡುಕುತ್ತ ಇಳಿಯುವುದು ಹೊರಗಿಂದಲೇ ಕಾಣುತ್ತಿತ್ತು. ಬೆಳಕಿನ ಕಡೆಗೇ ವಾಲುವ ಹೂದಂಡನ್ನು ನೆಟ್ಟಗೆ ಮಾಡಲು ಎರಡು ದಿನಕ್ಕೊಮ್ಮೆ ಎಲ್ಲವನ್ನೂ ತಿರುಗಿಸಿಡುವುದು ಮಗಳ ಡ್ಯೂಟಿ.

ಎಂಟನೇ ವಾರ ಟಿನ್ನಿನದು ಅರಳಿತು. ಮೊಳಕೈಯಷ್ಟು ಎತ್ತರದ ಪೊಳ್ಳು ದಂಡು, ತುದಿಯಲ್ಲಿ ಅಂಗೈ ಅಗಲದ ನಾಲ್ಕು ಕೆಂಪು ಹೂವು, ನಾಲ್ಕು ದಿಕ್ಕಿಗೆ ಮುಖ ಮಾಡಿಕೊಂಡು. ಎರಡು ದಿನಕ್ಕೆ ಐಸ್‌ಕ್ರೀಮ್ ಡಬ್ಬಿಯದೂ ಅರಳಿತು, ಆ ರಾತ್ರಿಯೇ ದಡ್ ಅಂತ ಬಿತ್ತು. ತೆಳು ಪ್ಲಾಸ್ಟಿಕ್‌ಗೆ ಅಷ್ಟು ತಲೆಭಾರ ತಡೆಯಲಿಲ್ಲ. ದಂಡು ಮುರಿದಿತ್ತು. ಅದನ್ನು ಹೂದಾನಿಯಲ್ಲಿಟ್ಟೆವು, ಒಂದು ವಾರ ಚೆನ್ನಾಗಿಯೇ ಇತ್ತು. ಕ್ಯಾನೂ ಹಾಗೇ ಬೀಳದಿರಲಿ ಅಂತ ಅದರೊಳಗೆ ಅವತ್ತೇ ಅಂಚಿಗುಂಟ ಕಲ್ಲು ಜೋಡಿಸಿದೆ. ಕಲ್ಲಿಗೆ ಕೊನೆಗೂ ಒಂದು ಸರಿಯಾದ ಕೆಲಸ ಸಿಕ್ಕಿತು.

ಹೂವೆಲ್ಲ ಬಾಡಿದ ಮೇಲೆ ಅಮ್ಮ ಬಾಲ್ಕನಿಗೆ ಬಂದಳು.

"ಮುಗೀತಲ್ಲ, ಇನ್ನು ನನ್ನ ಟಿನ್ನು ಕೊಡು. ರವೆ ಹಾಕೋಕೆ ಬೇಕು."

"ಈಗಲೇ ಆಗಲ್ಲಮ್ಮ. ಎಲೆ ಇದ್ರೇನೇ ಗೆಡ್ಡೆ ಮುಂದಿನ ಸಲಕ್ಕೆ ತುಂಬ್ಕೊಳೋದು. ಇನ್ನೂ ಐದಾರು ತಿಂಗಳು ಬೇಕು."

"ಹೋಗ್ಲಿ, ಆ ಐಸ್‌ಕ್ರೀಮ್ ಡಬ್ಬಿ ಮುಚ್ಚಳ ಆದ್ರೂ ಕೊಡು."

ಮುಚ್ಚಳ ಡಬ್ಬಿಯ ಕೆಳಗೇ ಇತ್ತು, ನೀರು ಸೋರದಂತೆ ತಟ್ಟೆಯಾಗಿ. ಹುಡುಕಿ ಕೊಡ್ತೀನಿ ಅಂದೆ.