ನೂರ ನಲವತ್ತು ಹಿಡಿ ಅಕ್ಕಿ

ತಮಿಳುನಾಡಿನ ಕಾವೇರಿ ತೀರದ ತಿರುವೈಯಾರಿಗೆ ಸಮೀಪದ ಹಳ್ಳಿಯೊಂದರ ಬ್ಯಾಂಕ್ ಶಾಖೆಗೆ ನಾನು ವರ್ಗವಾಗಿ ಬಂದು ಎರಡು ವರ್ಷ ತುಂಬುತ್ತ ಬಂದಿದೆ. ಶಾಖೆಯ ಎದುರಿಗೇ ಎಂಟನೆಯ ತರಗತಿಯವರೆಗಿನ ಸರ್ಕಾರಿ ಶಾಲೆಯಿದೆ. ಅದರ ಗಂಟೆಯೇ ನಮಗೂ ಊಟದ ಹೊತ್ತನ್ನು ತಿಳಿಸುತ್ತದೆ. ಈ ಜನವರಿಯಲ್ಲಿ, ಹಬ್ಬದ ರಜೆಗೆ ಮುಂಚಿನ ಕೊನೆಯ ದಿನ, ಆ ಶಾಲೆಯ ಅಂಗಳದಲ್ಲಿ ಇಡೀ ಊರಿಗೆಂದು ಪೊಂಗಲ್ ಮಾಡಿದರು. ಮನೆಗಳಲ್ಲಿ ನಡೆಯುವ ನಾಲ್ಕು ದಿನಗಳ ಹಬ್ಬವನ್ನು, ಅಂದರೆ ಭೋಗಿ, ತೈ ಪೊಂಗಲ್, ಮಾಟ್ಟು ಪೊಂಗಲ್ ಮತ್ತು ಕಾಣುಂ ಪೊಂಗಲ್‌ಗಳನ್ನು, ಕಳೆದ ವರ್ಷವೇ ನೋಡಿದ್ದೆ. ಶಾಲೆಯ ಹಬ್ಬವನ್ನು ನೋಡಿದ್ದು ಇದೇ ಮೊದಲು. ಅದನ್ನು ಬರೆದಿಡಬೇಕೆಂದು ಅನ್ನಿಸಿದ್ದಕ್ಕೆ ಮುಖ್ಯ ಕಾರಣ, ಆ ಬೆಳಿಗ್ಗೆ ಶಾಲೆಯ ಅಡುಗೆಮನೆಯ ಮುಂದೆ ಅಕ್ಕಿಯ ವಿಷಯವಾಗಿ ನಡೆದ ಒಂದು ಮಾತುಕತೆ.

ತಮಿಳುನಾಡಿನ ಶಾಲೆ, ಕಾಲೇಜು, ಕಚೇರಿಗಳಲ್ಲಿ ಹೀಗೆ ಎಲ್ಲರೂ ಸೇರಿ ಆಚರಿಸುವ ಹಬ್ಬಕ್ಕೆ ‘ಸಮತ್ತುವ ಪೊಂಗಲ್’ ಎನ್ನುತ್ತಾರೆ. ಸಮತ್ತುವ ಎಂದರೆ ಸಮಾನತೆ. ಮನೆಯ ಪೊಂಗಲ್ ಸ್ವಭಾವತಃ ಒಂದೊಂದು ಮನೆತನದ್ದು. ತಮ್ಮ ಅಂಗಳ, ತಮ್ಮ ಒಲೆ, ತಮ್ಮ ಹೊಸ ಮಡಕೆ, ಸಾಧ್ಯವಾದರೆ ತಮ್ಮ ಗದ್ದೆಯ ಹೊಸ ಅಕ್ಕಿ. ಗದ್ದೆಯಿಲ್ಲದವರು ಅಂಗಡಿಯ ಅಕ್ಕಿಯಿಂದಲೋ ಪಡಿತರದ ಅಕ್ಕಿಯಿಂದಲೋ ಅದೇ ಹಬ್ಬವನ್ನು ಮಾಡುತ್ತಾರೆ. ಶಾಲೆಯ ಮುಖ್ಯೋಪಾಧ್ಯಾಯಿನಿ ಈ ವರ್ಷ ಹೊಸದೊಂದು ಕ್ರಮವನ್ನು ಗೊತ್ತುಮಾಡಿದ್ದರು: ಯಾರಿಂದಲೂ ಹಣ ಪಡೆಯುವುದು ಬೇಡ, ಪ್ರತಿಯೊಂದು ಮಗುವೂ ತನ್ನ ಮನೆಯಿಂದ ತನ್ನದೇ ಕೈಯಲ್ಲಿ ಒಂದು ಹಿಡಿ ಅಕ್ಕಿ ತರಬೇಕು. ನೂರ ನಲವತ್ತು ಮಕ್ಕಳು, ನೂರ ನಲವತ್ತು ಹಿಡಿ. ಎದುರುಮನೆಯವರಂತೆ ನಮ್ಮನ್ನೂ ಕರೆದಿದ್ದರು. ನಾನು ಮಂಡ್ಯ ಜಿಲ್ಲೆಯವಳಾದ್ದರಿಂದ ಅಕ್ಕಿಯ ಬದಲು ಊರಿನ ಬೆಲ್ಲ ತರಬಹುದೇ ಎಂದು ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಅದಕ್ಕೆ ಹಿಂದಿನ ವಾರ ಊರಿಗೆ ಹೋಗಿದ್ದಾಗ ನಮ್ಮ ಪಕ್ಕದ ಆಲೆಮನೆಯಿಂದ ಐದು ಕಿಲೋ ಅಚ್ಚುಬೆಲ್ಲ ತಂದಿಟ್ಟುಕೊಂಡಿದ್ದೆ.

ಅಂದು ಬೆಳಿಗ್ಗೆ ಏಳು ಗಂಟೆಗೆ ನಾನು ಬೆಲ್ಲದ ಚೀಲ ಹಿಡಿದು ಹೋದಾಗ ಅಡುಗೆಮನೆಯ ಜಗಲಿಯ ಮೇಲೆ ಎರಡು ಕುಕ್ಕೆಗಳಿದ್ದವು. ಒಂದರಲ್ಲಿ ಬಿಳಿಯ ಬೆಳ್ತಿಗೆ ಅಕ್ಕಿ, ಇನ್ನೊಂದರಲ್ಲಿ ತುಸು ಹಳದಿ ಬಣ್ಣದ ಕುಸುಬಲಕ್ಕಿ. ಪೊಂಗಲ್‌ಗೆ ಬೇಕಾದದ್ದು ಬೆಳ್ತಿಗೆ. ಇಲ್ಲಿಯವರು ಅದನ್ನು ಪಚ್ಚರಿಸಿ ಎನ್ನುತ್ತಾರೆ. ಕುಸುಬಲಕ್ಕಿ, ಅಂದರೆ ಪುಳುಂಗಲ್ ಅರಿಸಿ, ನಿತ್ಯದ ಊಟದ್ದು. ಪಡಿತರದಿಂದಲೇ ದಿನ ಕಳೆಯುವ ಮನೆಗಳ ಮಕ್ಕಳು, ಸುಮಾರು ಐವತ್ತು ಮಂದಿ, ಮನೆಯ ಡಬ್ಬಿಯಲ್ಲಿ ಏನಿತ್ತೋ ಅದನ್ನೇ ಹಿಡಿದು ತಂದಿದ್ದರು. ಎರಡನ್ನೂ ಬೆರೆಸಿ ಒಲೆಗೆ ಹಾಕಿದರೆ ಒಂದು ಕರಗಿ ಅಂಟಾಗುವ ಹೊತ್ತಿಗೂ ಇನ್ನೊಂದು ಗಟ್ಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕಿರಿಯ ಶಿಕ್ಷಕಿಯೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಬೆಳ್ತಿಗೆಯಿಂದ ಪೊಂಗಲ್ ಮಾಡಿ ಕುಸುಬಲಕ್ಕಿಯನ್ನು ಬಿಸಿಯೂಟದ ದಾಸ್ತಾನಿಗೆ ಸೇರಿಸೋಣವೆಂದರು.

ಮುಖ್ಯೋಪಾಧ್ಯಾಯಿನಿ ಸ್ವಲ್ಪ ಹೊತ್ತು ಕುಕ್ಕೆಗಳನ್ನೇ ನೋಡುತ್ತಿದ್ದು, “ಯಾರ ಅಕ್ಕಿ ಯಾವ ಕುಕ್ಕೆಗೆ ಹೋಯಿತೆಂಬುದನ್ನು ಮಕ್ಕಳು ನೋಡಿದ್ದಾರೆ. ಒಂದೇ ಒಂದು ಹಿಡಿಯೂ ಹೊರಗುಳಿಯಬಾರದು” ಎಂದರು. ಆಮೇಲೆ ಅವರು ಹೇಳಿದ ಇನ್ನೊಂದು ಮಾತು, ಬೆಳೆಸಾಲದ ಕಾಗದಗಳನ್ನು ದಿನವೂ ನೋಡುವ ನನಗೂ ಹೊಳೆದಿರಲಿಲ್ಲ. ಈ ಸೀಮೆಯ ಭತ್ತ ಸರ್ಕಾರದ ಖರೀದಿ ಕೇಂದ್ರಗಳಿಗೆ ಹೋಗುತ್ತದೆ. ಅಲ್ಲಿಂದ ಗಿರಣಿಗಳಿಗೆ ಹೋಗಿ, ಕುದಿಸಿ, ಒಣಗಿಸಿ, ಸುಲಿದ ಅಕ್ಕಿಯಾಗಿ ಪಡಿತರ ಅಂಗಡಿಗೆ ಬರುತ್ತದೆ. ನಾಟಿ ಹಾಕಿದ ಹೆಂಗಸಿನ ಮನೆಗೆ ಈ ಮಣ್ಣಿನ ಅಕ್ಕಿ ತಲುಪುವುದು ಆ ದಾರಿಯಿಂದಲೇ. “ಇದೂ ನಮ್ಮ ಗದ್ದೆಯದೇ, ಸುತ್ತಿಕೊಂಡು ಬಂದಿದೆ ಅಷ್ಟೇ” ಎಂದರು ಅವರು.

ದಾರಿ ತೋರಿಸಿದವರು ಬಿಸಿಯೂಟದ ಅಡುಗೆಯವರು. ವಯಸ್ಸು ಐವತ್ತರ ಮೇಲಿರಬಹುದು. ನಾನು ಅವರನ್ನು ಅಕ್ಕಾ ಎಂದು ಕರೆಯುತ್ತೇನೆ, ಮಕ್ಕಳು ಆಯಾ ಎನ್ನುತ್ತವೆ. ಕುಸುಬಲಕ್ಕಿಯನ್ನು ಈಗಲೇ ನೆನೆಹಾಕಿದರೆ ಹತ್ತು ಗಂಟೆಗೆ ಮೆತ್ತಗಾಗಿರುತ್ತದೆ, ಹಾಲು ಉಕ್ಕಿದ ಮೇಲೆ ಮೊದಲು ಅದನ್ನು ಹಾಕಿ, ಅರ್ಧ ಬೆಂದ ಮೇಲೆ ಬೆಳ್ತಿಗೆಯನ್ನೂ ಹುರಿದ ಹೆಸರುಬೇಳೆಯನ್ನೂ ಸೇರಿಸಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ ಎಂದು ಅವರು ಹೇಳಿ, ಯಾರ ಉತ್ತರಕ್ಕೂ ಕಾಯದೆ ಬಿಸಿನೀರು ತರಲು ಒಳಗೆ ಹೋದರು. ಮಂಡ್ಯದ ನಮ್ಮ ಅಡುಗೆಮನೆಗೆ ಕುಸುಬಲಕ್ಕಿಯ ರೂಢಿಯಿಲ್ಲ; ಆ ಅಕ್ಕಿಯ ಮನಸ್ಸನ್ನು ಅವರು ಬಲ್ಲಷ್ಟು ಅಲ್ಲಿದ್ದ ಯಾರೂ ಬಲ್ಲವರಾಗಿರಲಿಲ್ಲ.

ಈ ಶಾಲೆಗಳ ಅಡುಗೆಮನೆಗೆ ಬಹಳ ದೊಡ್ಡ ಚರಿತ್ರೆಯಿದೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ 1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭವಾಯಿತು, ಎಂ.ಜಿ. ರಾಮಚಂದ್ರನ್ 1982ರಲ್ಲಿ ಅದನ್ನು ಸತ್ತುಣವು ಎಂಬ ಪೌಷ್ಟಿಕ ಆಹಾರದ ಯೋಜನೆಯಾಗಿ ವಿಸ್ತರಿಸಿದರು. 2022ರಿಂದ ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಬೆಳಗಿನ ಉಪಾಹಾರವೂ ಬಂದಿದೆ. ಆದರೆ ದಲಿತ ಹೆಂಗಸು ಮಾಡಿದ ಅಡುಗೆಯನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲವೆಂದು ಪೋಷಕರು ತಕರಾರು ಎತ್ತಿದ ಸುದ್ದಿಗಳು ಈ ರಾಜ್ಯದಿಂದಲೂ ನಮ್ಮ ಕರ್ನಾಟಕದಿಂದಲೂ ಇಂದಿಗೂ ಬರುತ್ತಿವೆ. ಅಕ್ಕ ಊರಾಚೆಯ ಕೇರಿಯಿಂದ ಬರುವವರು. ಮಕ್ಕಳು ದಿನವೂ ಅವರ ಕೈಯಡುಗೆಯನ್ನು ಉಣ್ಣುತ್ತವೆ. ಆದರೆ ಹಬ್ಬದ ಅಡುಗೆಯನ್ನು, ಸೂರ್ಯನಿಗೆ ಎಡೆಯಾಗುವ ಅಡುಗೆಯನ್ನು, ದೊಡ್ಡವರೆಲ್ಲ ಕುಳಿತು ಉಣ್ಣುವ ಅಡುಗೆಯನ್ನು ಅವರೇ ಮಾಡುವುದೆಂದು ಶಾಲೆಯವರು ಮೊದಲೇ ನಿಶ್ಚಯಿಸಿದ್ದರು. ಕರೆಯೋಲೆಯಲ್ಲೂ ಅದನ್ನು ಸ್ಪಷ್ಟವಾಗಿ ಬರೆದಿದ್ದರು. ಈ ಹಬ್ಬಕ್ಕೆ ಸಮಾನತೆಯ ಹೆಸರು ನ್ಯಾಯವಾಗಿ ಸಲ್ಲುವುದಿದ್ದರೆ ಆ ಒಂದು ಸಾಲಿನ ಕಾರಣದಿಂದಲೇ ಸಲ್ಲಬೇಕೆಂದು ನಾನು ನಂಬುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತ್ತು. ಅಕ್ಕಿಹಿಟ್ಟಿನ ಕೋಲಂ ರಂಗೋಲಿಯ ನಡುವೆ ಮೂರು ಮೂರು ಇಟ್ಟಿಗೆಗಳ ಎರಡು ಒಲೆಗಳು, ಒಂದರ ಮೇಲೆ ಹೊಸ ಮಣ್ಣಿನ ಮಡಕೆ, ಇನ್ನೊಂದರ ಮೇಲೆ ಬಿಸಿಯೂಟದ ದೊಡ್ಡ ಹಂಡೆ. ಮಡಕೆಯ ಕೊರಳಿಗೆ ಎಲೆಯೂ ಗೆಡ್ಡೆಯೂ ಕೂಡಿದ ಹಸಿ ಅರಿಸಿನದ ಗಿಡವನ್ನು ಸುತ್ತಿ ಕಟ್ಟಿದ್ದರು. ಎತ್ತರದ ಕಬ್ಬಿನ ಜಲ್ಲೆಗಳನ್ನು ತುದಿಯಲ್ಲಿ ಸೇರಿಸಿ ಚಪ್ಪರದಂತೆ ನಿಲ್ಲಿಸಿದ್ದರು. ಸಾಂಬಾ ಎಂಬ ದೀರ್ಘಾವಧಿಯ ಭತ್ತದ ಬೆಳೆಯ ಕೊಯ್ಲು ಆಗಷ್ಟೇ ಶುರುವಾಗಿದ್ದು ಹೆಚ್ಚಿನ ಗದ್ದೆಗಳಲ್ಲಿ ತೆನೆ ಇನ್ನೂ ನಿಂತೇ ಇತ್ತು. ರೈತರೊಬ್ಬರು ಕುಡುಗೋಲಿನಿಂದ ಕೊಯ್ದ ಒಂದು ಕಟ್ಟು ತೆನೆಯನ್ನು ತಂದು ಕಬ್ಬಿಗೆ ತೂಗುಹಾಕಿದರು. ಈಗ ಇಲ್ಲಿ ಕೊಯ್ಲೆಲ್ಲ ಬಹುಪಾಲು ಯಂತ್ರದಿಂದಲೇ ಆಗುವುದರಿಂದ, ಆ ಕಟ್ಟನ್ನು ಮುಟ್ಟಿ ನೋಡಲು ಮಕ್ಕಳು ಮುಗಿಬಿದ್ದವು. ಕೊಯ್ಲಿನ ಕೂಲಿಯಾಗಿ ಭತ್ತವನ್ನೇ ಅಳೆದು ಕೊಡುತ್ತಿದ್ದ ಕಾಲವನ್ನು ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೆನೆದರು. ಯಂತ್ರ ಬಂದ ಮೇಲೆ ಆ ಭತ್ತವೂ ಇಲ್ಲ, ಆ ಕೆಲಸವೂ ಇಲ್ಲವೆಂದು ಹೇಳುವಾಗ ಅವರ ದನಿಯಲ್ಲಿ ದೂರಿಗಿಂತ ಆಯಾಸವೇ ಹೆಚ್ಚಾಗಿತ್ತು.

ಹಾಲು ಬಿಸಿಯಾಗುತ್ತಿದ್ದಂತೆ ಮಾತುಗಳು ತಾವಾಗಿ ನಿಂತವು. ಮಡಕೆಯ ಬಾಯಿಗೆ ನೊರೆ ಏರಿ, ಅರಿಸಿನದ ಎಲೆಯ ಮೇಲೆ ಇಳಿದು, ಬೆಂಕಿಯಲ್ಲಿ ಚುಂಯ್‌ಗುಟ್ಟಿದ ಕ್ಷಣದಲ್ಲಿ ಹೆಂಗಸರು ನಾಲಿಗೆಯಾಡಿಸಿ ಕುಲವೈ ದನಿ ಎಬ್ಬಿಸಿದರು, ನೂರ ನಲವತ್ತು ಮಕ್ಕಳು ಒಟ್ಟಾಗಿ “ಪೊಂಗಲೋ ಪೊಂಗಲ್!” ಎಂದು ಕೂಗಿದವು. ಮಸೀದಿ ಬೀದಿಯ ತಾಯಂದಿರೂ ಮಕ್ಕಳನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು. ಪೊಂಗಲ್ ಎಂದರೆ ಉಕ್ಕುವುದು. ಹಳಗನ್ನಡದಲ್ಲಿಯೂ ‘ಪೊಂಗು’ ಎಂಬ ಧಾತುವಿದೆ. ಅದಕ್ಕೆ ಉಕ್ಕು, ಉಬ್ಬು ಎಂಬುದರ ಜೊತೆಗೆ ಹಿಗ್ಗು ಎಂಬ ಅರ್ಥವೂ ಇದೆ. ಪದವಿಯಲ್ಲಿ ಕನ್ನಡ ಓದಿದ್ದ ನನಗೆ ಆ ಅರ್ಥ ಕಣ್ಣಿಗೆ ಕಂಡದ್ದು ಅಂದು.

ಅನ್ನ ಬೇಯುವ ಹೊತ್ತಿನಲ್ಲಿ ಹಗ್ಗ ಜಗ್ಗಾಟ, ಉರಿ ಅಡಿ ಎಂಬ ಮಡಕೆ ಒಡೆಯುವ ಆಟ, ಸಿಲಂಬಂ ಎಂಬ ಕೋಲುವರಸೆ ಎಲ್ಲವೂ ನಡೆದವು. ನಾನು ಹೆಚ್ಚು ಹೊತ್ತು ಕುಳಿತದ್ದು ತೆನೆ ತಂದ ರೈತರ ಜೊತೆ. ನನ್ನ ಊರು ಯಾವುದೆಂದು ತಿಳಿದೊಡನೆ ಅವರು ಕೇಳಿದ ಮೊದಲ ಪ್ರಶ್ನೆ, “ಅಮ್ಮಾ, ನಿಮ್ಮ ಕಡೆ ಅಣೆಕಟ್ಟಿನಲ್ಲಿ ನೀರು ಹೇಗಿದೆ?” ಎಂಬುದು. ಅದರಲ್ಲಿ ಕೆಣಕುವ ಭಾವ ಇರಲಿಲ್ಲ. ಕನ್ನಂಬಾಡಿಯ ಮಟ್ಟ 124.80 ಅಡಿ ಮುಟ್ಟಿತೇ ಎಂದು ನನ್ನ ತಂದೆ ಪತ್ರಿಕೆಯಲ್ಲಿ ದಿನವೂ ನೋಡುವಂತೆಯೇ, ಮೇಟ್ಟೂರು ಅಣೆಕಟ್ಟಿನ 120 ಅಡಿಯ ಲೆಕ್ಕವನ್ನು ಇವರು ನೋಡುತ್ತಾರೆ. ಜೂನ್ 12ರಂದು ಮೇಟ್ಟೂರಿನ ಬಾಗಿಲು ತೆರೆದರೆ ಕುರುವೈ ಎಂಬ ಅಲ್ಪಾವಧಿಯ ಭತ್ತದ ಬೆಳೆಗೆ ನೀರು. ತಡವಾದರೆ ಸಾಂಬಾ ಬೆಳೆಯೊಂದರ ಮೇಲೆಯೇ ವರ್ಷದ ಭಾರ. ಕಾವೇರಿಯ ಹೆಸರಿನಲ್ಲಿ ಬಸ್ಸುಗಳು ನಿಂತ, ಶಾಲೆಗಳು ಮುಚ್ಚಿದ ದಿನಗಳನ್ನು ಕಂಡು ಬೆಳೆದವಳು ನಾನು. ಹಂಚಿಕೆಯ ಲೆಕ್ಕವನ್ನು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿ ಮುಗಿಸಿದ್ದರೂ ಮಳೆ ಕೈಕೊಟ್ಟ ವರ್ಷದಲ್ಲಿ ಎರಡೂ ಕಡೆಯ ಭಯ ಮತ್ತೆ ತಲೆಯೆತ್ತುತ್ತದೆ. ಆ ಭಯ ಎರಡು ಊರುಗಳಲ್ಲಿ ಒಂದೇ ಬಗೆಯದೆಂದು ನಾನು ತಿಳಿದದ್ದು ಅವರ ಪಕ್ಕ ಕುಳಿತಾಗ. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಅವರು ತಲೆಯಾಡಿಸಿ, ನಮ್ಮಲ್ಲಿ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ವಿವರವಾಗಿ ಕೇಳಿ ತಿಳಿದುಕೊಂಡರು.

ಬೆಲ್ಲದ ಸರದಿ ಬಂದಾಗ ಅಕ್ಕ ನನ್ನನ್ನು ಕರೆದರು. ಒಂದು ಅಗುಳು ಕುಸುಬಲಕ್ಕಿಯನ್ನೂ ಒಂದು ಅಗುಳು ಬೆಳ್ತಿಗೆಯನ್ನೂ ಬೆರಳುಗಳ ನಡುವೆ ಹಿಸುಕಿ ನೋಡಿ, ಅನ್ನ ಪೂರ್ತಿ ಬೇಯುವ ಮೊದಲು ಬೆಲ್ಲ ಬಿದ್ದರೆ ಅಗುಳು ಮತ್ತೆ ಮೆತ್ತಗಾಗುವುದಿಲ್ಲವೆಂದು ವಿವರಿಸಿದರು. ಕರಗಿಸಿ ಸೋಸಿದ ಬೆಲ್ಲವನ್ನು ನನ್ನ ಕೈಯಿಂದಲೇ ಹಂಡೆಗೆ ಹೊಯ್ಯಿಸಿದರು. ಆಮೇಲೆ ತುಪ್ಪ, ಗೋಡಂಬಿ, ದ್ರಾಕ್ಷಿ, ಏಲಕ್ಕಿ. ಮಡಕೆಯ ಪೊಂಗಲ್ ಸೂರ್ಯನಿಗೆ ಎಡೆಯಾದ ಮೇಲೆ ಅದನ್ನೂ ಹಂಡೆಗೆ ಸೇರಿಸಿ ಕಲಸಿದರು.

ಬಾಳೆಲೆಗಳ ಮುಂದೆ ಮೊದಲು ಒಂದನೆಯ ತರಗತಿಯ ಮಕ್ಕಳು ಕುಳಿತವು, ಆಮೇಲೆ ಉಳಿದ ಮಕ್ಕಳು, ಅನಂತರ ಊರಿನವರು. ದೊಡ್ಡವರಲ್ಲಿ ಮೂರು ನಾಲ್ಕು ಮಂದಿ ಕೆಲಸದ ನೆವ ಹೇಳಿ ಉಣ್ಣದೆ ಹೋದರು. ಅದನ್ನೂ ನಾನು ನೋಡಿದೆ, ಬರೆಯದೆ ಬಿಡುವುದು ಸರಿಯಲ್ಲ. ಉಳಿದವರು ಉಂಡರು. ಕೊನೆಯ ಪಂಕ್ತಿಯಲ್ಲಿ ಅಕ್ಕನನ್ನೂ ಅವರ ಸಹಾಯಕಿಯನ್ನೂ ಕೂರಿಸಿ, ಮುಖ್ಯೋಪಾಧ್ಯಾಯಿನಿ ಮತ್ತು ಊರಿನ ಹಳೆಯ ಮಿರಾಸುದಾರರ, ಅಂದರೆ ಜಮೀನುದಾರರ, ಮನೆಯ ಸೊಸೆ ಬಡಿಸಿದರು. ಅಕ್ಕ ಸಂಕೋಚದಿಂದ ಎರಡು ಸಲ ಎದ್ದರು, ಎರಡು ಸಲವೂ ಮಕ್ಕಳು ಅವರ ಭುಜ ಹಿಡಿದು ಕೂರಿಸಿದವು. ಮೊದಲ ತುತ್ತನ್ನು ಅವರು ಬಹಳ ನಿಧಾನವಾಗಿ ಅಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಎಲೆಯ ಮೇಲಿನ ಹಳದಿ ಅಗುಳೊಂದನ್ನು ಬೆರಳಿನಿಂದ ಬೇರ್ಪಡಿಸಿ ತೋರಿಸುತ್ತ, “ಪುಳುಂಗಲ್ ಇನ್ನೂ ಐದು ನಿಮಿಷ ಬೇಯಬೇಕಿತ್ತು ಟೀಚರ್, ಮುಂದಿನ ವರ್ಷ ಆರು ಗಂಟೆಗೇ ನೆನೆಹಾಕುತ್ತೇನೆ” ಎಂದರು.