ಸಿಟ್ಟಿಗೆ ಸಮಾನಾರ್ಥಕ ಹುಡುಕಿದ್ದರ ಫಲ

ನಮ್ಮದು ಬೇರೆ ಕಂಪನಿಗಳ ಪರವಾಗಿ ಅವರ ಕಸ್ಟಮರ್‌ಗಳಿಗೆ ಉತ್ತರ ಬರೆಯುವ ಆಫೀಸು. ಆ ಮೇಲ್‌ಗಳಿಗೆ ಮಾರ್ಕ್ಸ್ ಹಾಕುವ ಸ್ಕೋರ್‌ಕಾರ್ಡ್‌ನಲ್ಲಿ 'ವೊಕ್ಯಾಬುಲರಿ ವೇರಿಯೇಶನ್', ಅಂದರೆ ಬೇರೆ ಬೇರೆ ಪದ ಬಳಸಬೇಕು ಅಂತ ಒಂದು ಸಾಲಿದೆ. ಒಂದೇ ಮೇಲ್‌ನಲ್ಲಿ 'ಅಪ್‌ಸೆಟ್' ಎರಡು ಸಲ ಬಂದರೆ ಮಾರ್ಕ್ಸ್ ಕಟ್. ಕ್ಲೈಂಟ್ ಕೇಳಿದ್ದು ಅಂತ ಮ್ಯಾನೇಜರ್ ಹೇಳುತ್ತಾರೆ. ಕ್ಲೈಂಟ್ ಕಡೆಯವರನ್ನು ಕೇಳಿದರೆ ನಾವಲ್ಲಪ್ಪ ಅನ್ನುತ್ತಾರೆ. ನಾನು ಕ್ಯೂಎ, ಅಂದರೆ ಮೇಲ್‌ಗಳ ಗುಣಮಟ್ಟ ನೋಡುವವನು, ಕಟ್ ಮಾಡುವುದು ನನ್ನ ಕೆಲಸ, ಮಾಡುತ್ತಿದ್ದೆ.

ನಮ್ಮದು ಯುಕೆ ಪ್ರೋಸೆಸ್, ಅಂದರೆ ಬ್ರಿಟನ್‌ನ ಕಸ್ಟಮರ್‌ಗಳ ಕೆಲಸ, ಬಟ್ಟೆ ಮಾರುವ ಕಂಪನಿಯ ಇಮೇಲ್ ಕ್ಯೂ. ಹುಡುಗ ಹುಡುಗಿಯರು ಹೆಚ್ಚಿನವರು ಹಾಸನ, ತುಮಕೂರು, ದಾವಣಗೆರೆ ಕಡೆಯವರು. ಗ್ರಾಮರ್ ಚೆನ್ನಾಗಿದೆ. ಆದರೆ ಕಸ್ಟಮರ್‌ಗೆ ಸಿಟ್ಟು ಬಂದರೂ ಅಪ್‌ಸೆಟ್, ದುಃಖವಾದರೂ ಅಪ್‌ಸೆಟ್, ಕಾದು ಕಾದು ಸಾಕಾಗಿದ್ದರೂ ಅಪ್‌ಸೆಟ್. ನಾವು ಬೇಜಾರು ಅಂತ ಹೇಳಿ ಎಲ್ಲವನ್ನೂ ಮುಗಿಸಿಬಿಡುತ್ತೇವಲ್ಲ, ಅದೇ ಅಭ್ಯಾಸ. ಅದಕ್ಕೇ ಒಂದು ಶೀಟ್ ಮಾಡಿ ಇಡೀ ಫ್ಲೋರ್‌ಗೆ ಕಳಿಸಿದೆ. 'ಆಂಗ್ರಿ' ಕಾಲಂ ಕೆಳಗೆ ಕ್ರಾಸ್, ಮಿಫ್ಡ್, ಅನಾಯ್ಡ್, ಐರೇಟ್, ಫ್ಯೂರಿಯಸ್, ಲಿವಿಡ್. 'ಸ್ಯಾಡ್' ಕೆಳಗೆ ಗ್ಲೂಮಿ, ಗಟೆಡ್, ಹಾರ್ಟ್‌ಬ್ರೋಕನ್. ಆನ್‌ಲೈನ್ ಥೆಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶದಿಂದ ಸುಮ್ನೆ ಕಾಪಿ ಪೇಸ್ಟ್. ಟೀಮ್‌ನ ಪುಟ್ಟ ಮೀಟಿಂಗ್‌ನಲ್ಲಿ ಟೀಮ್ ಲೀಡರ್ ಚಪ್ಪಾಳೆ ಬೇರೆ ಹೊಡೆಸಿದರು.

ಆಮೇಲೆ ಆ ಟಿಕೆಟ್, ಅಂದರೆ ಒಬ್ಬ ಕಸ್ಟಮರ್ ದೂರು, ಬಂತು. ಅಪ್ಪನ ಅಂತ್ಯಕ್ರಿಯೆಗೆ ಅಂತ ಒಬ್ಬರು ಕಪ್ಪು ಸೂಟ್ ಆರ್ಡರ್ ಮಾಡಿದ್ದರು, ನೆಕ್ಸ್ಟ್ ಡೇ ಡೆಲಿವರಿಗೆ ದುಡ್ಡು ಕೊಟ್ಟು. ಪಾರ್ಸೆಲ್ ಡಿಪೋದಲ್ಲೇ ಸಿಕ್ಕಿಕೊಂಡಿತ್ತು. ನಮ್ಮ ಹುಡುಗಿ ಮೊದಲ ಸಾಲಿನಲ್ಲಿ ಆಗಲೇ ಅಪ್‌ಸೆಟ್ ಬಳಸಿಬಿಟ್ಟಿದ್ದಳು. ಹಿಂದಿನ ಆಡಿಟ್‌ನಲ್ಲಿ ಇದಕ್ಕೇ ನಾನು ಅವಳಿಗೆ ಮಾರ್ಕ್ಸ್ ಕಟ್ ಮಾಡಿದ್ದೆ. ಶೀಟ್ ತೆಗೆದಳು, ಚಿಕ್ಕದಾಗಿ ಚೆನ್ನಾಗಿ ಕಂಡ ಪದ ಆರಿಸಿದಳು. 'ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ವೈ ಯೂ ಆರ್ ಮಿಫ್ಡ್.' ಸೆಂಡ್.

ಉತ್ತರ ಕೂಡಲೇ ಬಂತು. 'ಮಿಫ್ಡ್?' ಅಂತ ಒಂದೇ ಪದ, ಕೆಳಗೆ ನಾಳೆ ಮಣ್ಣಿಗಿಡುವ ಸಮಯ. ಸಿಸಿಯಲ್ಲಿ ಕ್ಲೈಂಟ್‌ನ ಕಂಪ್ಲೇಂಟ್ಸ್ ಟೀಮ್.

ಅವಳು ನನ್ನ ಡೆಸ್ಕ್‌ಗೆ ಬಂದು, "ಸರ್, ಇದರಲ್ಲಿ ಏನು ತಪ್ಪಾಯ್ತು? ನಿಮ್ಮ ಶೀಟ್‌ನಲ್ಲೇ ಇತ್ತಲ್ವಾ?" ಅಂದಳು. ನಾನು ಡಿಕ್ಷನರಿ ತೆರೆದೆ. 'ಸ್ವಲ್ಪ ಮುನಿಸು' ಅನ್ನುವಷ್ಟೇ ಅರ್ಥ, ಪಕ್ಕದಲ್ಲಿ 'ಇನ್ಫಾರ್ಮಲ್' ಅಂತ ಗುರುತು. ಪಾರ್ಟಿಗೆ ಕರೆಯಲಿಲ್ಲ ಅಂತ ಗೆಳತಿ ಮೂತಿ ಊದಿಸಿಕೊಂಡರೆ ಹೇಳುವ ಪದ. ಅಪ್ಪನನ್ನು ಕಳೆದುಕೊಂಡವನಿಗೆ ನಾವು ಅದನ್ನು ಬರೆದು ಕಳಿಸಿದ್ದೆವು. ಆಗಲೇ ಕ್ಲೈಂಟ್‌ನಿಂದ ಪಿಂಗ್, ಇದು ನಿಮ್ಮ ಟೆಂಪ್ಲೇಟಾ ಅಂತ. ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಹೌದು ಅಂದರೆ ಶೀಟ್ ನನ್ನದು, ಇಲ್ಲ ಅಂದರೆ ತಪ್ಪು ಅವಳದ್ದು. ಅವಳು ಪಕ್ಕದಲ್ಲೇ ನಿಂತು ನನ್ನ ಸ್ಕ್ರೀನ್ ನೋಡುತ್ತಿದ್ದಳು, ಅದೊಂದೇ ಕಾರಣಕ್ಕೆ ಹೌದು ಅಂತ ಕಳಿಸಿದೆನೋ ಏನೋ, ಇವತ್ತಿಗೂ ಗೊತ್ತಿಲ್ಲ.

ಆ ಕಸ್ಟಮರ್ ಊರಿನ ಅಂಗಡಿಯಲ್ಲೇ ಅದೇ ಸೂಟ್ ಇತ್ತು, ಕ್ಲೈಂಟ್ ಕಡೆಯವರು ಸಂಜೆಯೊಳಗೆ ಕೊಡಿಸಿದರು. ಇಲ್ಲಿ ಆರ್‌ಸಿಎ, ಅಂದರೆ ತಪ್ಪಿನ ಮೂಲ ಕಾರಣದ ವರದಿ, ಬರೆಯಬೇಕಿತ್ತು. ಆ ಟೂಲ್‌ನ ಡ್ರಾಪ್‌ಡೌನ್‌ನಲ್ಲಿ ಎರಡೇ ಆಯ್ಕೆ, ಏಜೆಂಟ್ ಎರರ್ ಅಥವಾ ಸಿಸ್ಟಮ್ ಎರರ್. ಕ್ಯೂಎ ಎರರ್ ಅನ್ನುವುದು ಈ ಲೋಕದಲ್ಲೇ ಇಲ್ಲ ನೋಡಿ. 'ಸಿಸ್ಟಮ್' ಒತ್ತಿ ರಿಮಾರ್ಕ್ಸ್‌ನಲ್ಲಿ ಶೀಟಿನ ಕಥೆ ಬರೆದೆ.

ಈಗ ಶೀಟ್ ಬೇರೆ ಥರ ಇದೆ. ಪದದ ಪಕ್ಕ ಅದರ ಖಾರ ಎಷ್ಟು, ಯಾರು ಯಾರಿಗೆ ಹೇಳುತ್ತಾರೆ, ಒಂದು ಪೂರ್ತಿ ವಾಕ್ಯ. ಕ್ರಾಸ್ ಅನ್ನುವುದು ಬ್ರಿಟನ್‌ನಲ್ಲಿ ಅಮ್ಮಂದಿರು ಮಕ್ಕಳಿಗೆ ಜಾಸ್ತಿ ಹೇಳುವ ಮಾತು. ಗಟೆಡ್ ಅಂದರೆ ತುಂಬಾ ನಿರಾಸೆ, ಆದರೆ ಮ್ಯಾಚ್ ಸೋತಾಗ ಗೆಳೆಯರ ನಡುವೆ ಸರಿ, ನಮ್ಮ ಮೇಲ್‌ನಲ್ಲಿ ಬೇಡ. ಐರೇಟ್ ಅಂತ ನಾವು ಫ್ಲೋರ್‌ನಲ್ಲಿ ಕಸ್ಟಮರ್ ಬಗ್ಗೆ ಹೇಳಿಕೊಳ್ಳುತ್ತೇವೆ, ಅವರ ಮುಖಕ್ಕೆ ಹೇಳುವಂತಿಲ್ಲ. ಮ್ಯಾಡ್ ಅಂದರೆ ಅಮೆರಿಕದವರಿಗೆ ಸಿಟ್ಟು, ಬ್ರಿಟಿಷರಿಗೆ ಹೆಚ್ಚಾಗಿ ಹುಚ್ಚು. ಮತ್ತೆ ಬ್ರಿಟಿಷ್ ಕಸ್ಟಮರ್ 'ವೆರಿ ಡಿಸಪಾಯಿಂಟೆಡ್' ಅಂತ ಬರೆದರೆ ಮೆತ್ತಗಿದೆ ಅಂತ ಸುಮ್ಮನಿರಬೇಡಿ, ದೂರು ಮೇಲಿನವರ ತನಕ ಹೋಗುವುದಕ್ಕೆ ತಯಾರಾಗಿ. ಥೆಸಾರಸ್‌ನದೇನೂ ತಪ್ಪಿಲ್ಲ ಬಿಡಿ. 1852ರಲ್ಲಿ ಪೀಟರ್ ಮಾರ್ಕ್ ರೋಜೆ ತನ್ನದನ್ನು ಹೊರತಂದಾಗ ಪದಗಳನ್ನು ವಿಚಾರದ ಪ್ರಕಾರ ಒಟ್ಟಿಗಿಟ್ಟಿದ್ದ, ಮನಸ್ಸಲ್ಲಿರುವ ವಿಚಾರಕ್ಕೆ ತಕ್ಕ ಪದ ಹುಡುಕುವವರಿಗೆ ಅಂತ. ಭಾಷೆ ಕಲಿಯುವವರಿಗೆ ಬೇಕಿರುವುದು ಉದಾಹರಣೆ ಇರುವ ಲರ್ನರ್ಸ್ ಡಿಕ್ಷನರಿ. ಅಷ್ಟಕ್ಕೂ ಅವತ್ತು ಅಲ್ಲಿ ಯಾವ ವಿಶೇಷಣವೂ ಬೇಕಿರಲಿಲ್ಲ. ನಿಮ್ಮ ತಂದೆಯವರ ವಿಷಯ ಕೇಳಿ ತುಂಬಾ ನೋವಾಯಿತು, ಸೂಟ್ ಇಂಥ ಕಡೆ ಇದೆ, ಇಷ್ಟೇ ಸಾಕಿತ್ತು.

ಸ್ಕೋರ್‌ಕಾರ್ಡ್‌ನ ಆ ಸಾಲು ತೆಗೆಯಿರಿ ಅಂತ, ಮಾರ್ಕ್ಸ್ ಹಾಕುವ ರೀತಿ ಎಲ್ಲರದೂ ಒಂದೇ ಇರಲಿ ಅಂತ ಸೇರುವ ಪ್ರತಿ ಕ್ಯಾಲಿಬ್ರೇಶನ್ ಮೀಟಿಂಗ್‌ನಲ್ಲೂ ಕೇಳುತ್ತಿದ್ದೇನೆ. ಅದನ್ನು ತೆಗೆಯುವ ಬದಲು ಹೊಸ ಟೂಲ್ ತಂದಿದ್ದಾರೆ, ಮೇಲ್ ಓದಿ ಕಸ್ಟಮರ್ ಮೂಡ್ ತಾನೇ ಹೇಳುತ್ತದಂತೆ. 'ನಾಲ್ಕು ಗಂಟೆ ಬಾಗಿಲಲ್ಲಿ ಕಾದು ಥ್ರಿಲ್ಡ್ ಆಗಿದ್ದೇನೆ' ಅಂತ ಒಬ್ಬರು ಬರೆದಿದ್ದರು. ಟೂಲ್ ಅದಕ್ಕೆ ಹಸಿರು ಬಣ್ಣ ಕೊಟ್ಟು 'ಹ್ಯಾಪಿ' ಅಂತ ಟ್ಯಾಗ್ ಹಾಕಿತು.